ಲಖನೌ ಚಳಿ, ಎಂಬಿಎ ಮೊದಲ ವರ್ಷ: ಆರು ದಿನದಿಂದ ಬಿಸಿಲೇ ಇಲ್ಲ, ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಕುಂದಾಪುರದವಳು (ಜನವರಿ 5, ರಾತ್ರಿ 1:40)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಹತ್ತಿರದ ಹಳ್ಳಿಯವಳು. ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ, ಈಗ ಲಖನೌ ಊರಾಚೆಯ ಒಂದು ಬಿ-ಸ್ಕೂಲ್‌ನಲ್ಲಿ ಮೊದಲ ವರ್ಷ ಓದುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ. ಅಮ್ಮ ಕಳಿಸಿದ ತೆಂಗಿನೆಣ್ಣೆ ನವೆಂಬರ್‌ನಲ್ಲೇ ಗಟ್ಟಿಯಾಯಿತು. ಈಗ ಮೇಣದ ಹಾಗಾಗಿದೆ, ಚಮಚದ ಹಿಡಿಯಿಂದ ಕೆರೆದು ತೆಗೆಯಬೇಕು. ನಮ್ಮ ಊರಲ್ಲಿ ಅದು ಗಟ್ಟಿಯಾದದ್ದನ್ನು ನಾನು ನೋಡೇ ಇಲ್ಲ.

ಚಳಿ ಇರುತ್ತದೆ ಅಂತ ಗೊತ್ತಿತ್ತು. ಇಷ್ಟೊಂದು ಅಂತ ಗೊತ್ತಿರಲಿಲ್ಲ. ಆರು ದಿನದಿಂದ ಸೂರ್ಯ ಕಂಡಿಲ್ಲ. ಬೆಳಿಗ್ಗೆ ಎಂಟೂವರೆಗೆ ಹಾಸ್ಟೆಲ್‌ನಿಂದ ಹೊರಟರೆ ಎದುರಿನ ಮೆಸ್ ಕಟ್ಟಡ ಕಾಣುವುದಿಲ್ಲ. ಕೋಣೆಯೊಳಗೂ ಅದೇ ಚಳಿ, ಕ್ಲಾಸಿನಲ್ಲೂ ಅದೇ ಚಳಿ, ಬೆಂಚು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಮೊನ್ನೆ ಫೈನಾನ್ಸ್ ಕ್ವಿಜ್ 8:45ಕ್ಕೆ ಇತ್ತು. ಲೆಕ್ಕ ಬರುತ್ತಿತ್ತು, ಆದರೆ ಬೆರಳೇ ಮಡಚುತ್ತಿರಲಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ತಪ್ಪು ಒತ್ತಿ, ಕೊನೆಯ ಪ್ರಶ್ನೆ ಬಿಟ್ಟು ಬಂದೆ. ಇಲ್ಲಿ ಗ್ರೇಡ್ ಕೊಡುವುದು ಉಳಿದವರ ಅಂಕ ನೋಡಿ, ಹಾಗಾಗಿ ಒಂದು ಪ್ರಶ್ನೆ ಹೋದರೂ ಎಷ್ಟು ಕೆಳಗೆ ಇಳಿಯುತ್ತೇವೆ ಅಂತ ನಿಮಗೆ ಗೊತ್ತಲ್ವಾ.

ಇನ್ನೊಂದು ವಿಷಯ. ನಮ್ಮ ಗ್ರೂಪ್ ಮೀಟಿಂಗ್ ಶುರುವಾಗುವುದೇ ರಾತ್ರಿ 11:30ಕ್ಕೆ. ಆರು ಜನ ಇದ್ದೇವೆ. ಎಲ್ಲರೂ ಬರುವಾಗ ಹನ್ನೆರಡು, ನೈಟ್ ಕ್ಯಾಂಟೀನ್‌ನಲ್ಲಿ ಮ್ಯಾಗಿ ತಿನ್ನುವಾಗ ಹನ್ನೆರಡೂವರೆ, ಕೆಲಸ ಶುರುವಾಗುವಾಗ ಒಂದು. ಮುಗಿಸಿ ಮಲಗುವಾಗ ಮೂರೂವರೆ. ಹಾಸಿಗೆ ತಣ್ಣಗಿರುತ್ತದೆ, ಬೆಚ್ಚಗಾಗಲು ಮತ್ತೆ ಅರ್ಧ ಗಂಟೆ. ಎಂಟಕ್ಕೆ ಏಳಬೇಕು. ಕೇಸ್ (ಚರ್ಚೆಗೆ ಕೊಡುವ ಒಂದು ಕಂಪನಿಯ ಕಥೆ) ಓದಿ ಬಂದಿದ್ದರೂ ಕ್ಲಾಸಿನಲ್ಲಿ ಮಾತು ಬರುವುದಿಲ್ಲ. ಜುಲೈನಲ್ಲಿ ದಿನಕ್ಕೆ ಎರಡು ಸಲವಾದರೂ ಕೈ ಎತ್ತಿ ಮಾತಾಡುತ್ತಿದ್ದೆ. ಈಗ ಸರ್ ಹೆಸರು ಹಿಡಿದು ಕರೆದರೂ ಏನು ಕೇಳಿದರು ಅಂತ ಪಕ್ಕದವರನ್ನು ನೋಡುತ್ತೇನೆ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಅತ್ತುಬಿಟ್ಟೆ. ಅವರಿಗೆ ಗಾಬರಿ. ಯಾರಾದರೂ ಉತ್ತರ ಭಾರತದ ಚಳಿಯಲ್ಲಿ ಓದಿದವರು ಇದ್ದರೆ ಹೇಳಿ, ನೀವು ದಿನ ಹೇಗೆ ಕಳೆದಿರಿ? ಹೀಟರ್ ತಗೊಳ್ಳಲಾ? ಬೆಳಿಗ್ಗೆ ಸ್ನಾನ ಬಿಡಲಾ? ಏನಾದರೂ ಹೇಳಿ.

ದಾವಣಗೆರೆಯವ (ಜನವರಿ 5, ಬೆಳಿಗ್ಗೆ 7:10)

ನಾನು ಇದೇ ಊರಿನಲ್ಲಿ ಎರಡನೇ ವರ್ಷ. ಕಾಲೇಜು ಬೇರೆ ಇರಬಹುದು, ಚಳಿ ಒಂದೇ. ಹೋದ ವರ್ಷ ಜನವರಿಯಲ್ಲಿ ನನಗೂ ಹೀಗೇ ಆಗಿತ್ತು, ಅದಕ್ಕೇ ಉದ್ದ ಬರೆಯುತ್ತೇನೆ.

ಮೊದಲು ಚಳಿ ಯಾಕೆ ಒಳಗೂ ಇರುತ್ತದೆ ಅನ್ನೋದು. ಇಲ್ಲಿನ ಕಟ್ಟಡಗಳನ್ನು ಕಟ್ಟಿರುವುದು ಮೇ ತಿಂಗಳ 44, 45 ಡಿಗ್ರಿ ಬಿಸಿಲಿಗೆ. ಎತ್ತರದ ಸೂರು, ಕಲ್ಲಿನ ನೆಲ, ಸಂದಿಯಿರುವ ಕಿಟಕಿ. ಮಂಜು ಮುಚ್ಚಿದ ದಿನ ಗೋಡೆಗೆ ಬಿಸಿಲೇ ಬೀಳುವುದಿಲ್ಲ, ಹಾಗಾಗಿ ಗೋಡೆ ದಿನದಿನಕ್ಕೂ ತಣ್ಣಗಾಗುತ್ತಾ ಹೋಗುತ್ತದೆ. ರಾತ್ರಿ 7 ಡಿಗ್ರಿಗೆ ಇಳಿದದ್ದಕ್ಕಿಂತ ಹಗಲು 13, 14 ದಾಟದೇ ಇರುವುದು ಜಾಸ್ತಿ ಕಾಡುತ್ತದೆ. ಹವಾಮಾನ ಇಲಾಖೆಯವರು ಇಂಥ ದಿನಕ್ಕೆ ಬೇರೆಯೇ ಹೆಸರಿಟ್ಟಿದ್ದಾರೆ, ಶೀತದಿನ ಅಂತ. ಹಗಲಿನ ಬಿಸಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಇಳಿದಾಗ, ರಾತ್ರಿಯದ್ದು 10 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಾಗೆ ಕರೆಯುತ್ತಾರೆ. ಅಂದರೆ ನಿಮಗೆ ಆಗುತ್ತಿರುವುದು ನಿಮ್ಮೊಬ್ಬರ ಕೊರತೆ ಅಲ್ಲ. ಇಲ್ಲಿ ಹುಟ್ಟಿ ಬೆಳೆದವರೂ ಈ ವಾರ ನಡುಗುತ್ತಿದ್ದಾರೆ.

ಹೀಟರ್: ಕೇಳದೆ ತಗೊಳ್ಳಬೇಡಿ. 2000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಮೇಜಿನ ಪಕ್ಕದ ಸಣ್ಣ ಸಾಕೆಟ್ 6 ಆಂಪಿಯರ್‌ದು. ನಮ್ಮ ಮಹಡಿಯಲ್ಲಿ ಒಬ್ಬ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ ಪ್ಲಗ್ ಕರಗಿಸಿಕೊಂಡ, ಕ್ವಿಜ್ ಹಿಂದಿನ ರಾತ್ರಿ ಇಡೀ ಮಹಡಿಗೆ ಕರೆಂಟ್ ಇಲ್ಲ. ಅದರ ಬದಲು ರಬ್ಬರಿನ ಬಿಸಿನೀರಿನ ಚೀಲ ತಗೊಳ್ಳಿ. ಮಲಗುವ ಹದಿನೈದು ನಿಮಿಷ ಮೊದಲು ರಜಾಯಿ (ಹತ್ತಿ ತುಂಬಿದ ಹೊದಿಕೆ) ಒಳಗೆ ಕಾಲಿನ ಕಡೆ ಇಡಿ. ಹಾಸಿಗೆ ಬೆಚ್ಚಗಾಗಲು ಅರ್ಧ ಗಂಟೆ ಅಂದಿರಲ್ಲ, ಅದು ಉಳಿಯುತ್ತದೆ.

ಹೊದಿಕೆ ಎಷ್ಟೇ ದಪ್ಪ ಇದ್ದರೂ ಚಳಿ ಬರುವುದು ಕೆಳಗಿನಿಂದ. ಹಾಸ್ಟೆಲ್ ಹಾಸಿಗೆ ತೆಳ್ಳಗಿರುತ್ತದೆ, ಕೆಳಗೆ ಬರೀ ಪ್ಲೈವುಡ್. ನನ್ನ ಅಜ್ಜಿ ಹೊಲಿದ ಒಂದು ಕೌದಿ ಇತ್ತು, ಹಳೇ ಸೀರೆಗಳದ್ದು, ಮೊದಲ ಸೆಮಿಸ್ಟರ್‌ನಲ್ಲಿ ಅದನ್ನು ಹೊದೆಯುತ್ತಿದ್ದೆ. ಡಿಸೆಂಬರ್‌ನಲ್ಲಿ ಹೊದೆಯುವುದು ಬಿಟ್ಟು ಕೆಳಗೆ ಹಾಸಿದೆ, ಮೇಲೆ ಇಲ್ಲಿಯ ಹತ್ತಿ ರಜಾಯಿ. ಅವತ್ತು ನಿದ್ದೆ ಬಂತು.

ಸ್ನಾನ ಬಿಡಬೇಡಿ, ಹೊತ್ತು ಬದಲಿಸಿ. 15 ಲೀಟರ್ ಗೀಸರ್, 2 ಕಿಲೋವ್ಯಾಟ್. ಟ್ಯಾಂಕಿನ ನೀರು 12 ಡಿಗ್ರಿ ಅಂದುಕೊಂಡರೆ ಅದು 50ಕ್ಕೆ ಬರಲು 20 ನಿಮಿಷ ಬೇಕು. ತಣ್ಣೀರು ಬೆರೆಸಿದರೆ ಸರಿಯಾಗಿ ಒಂದು ಬಕೆಟ್. ನಮ್ಮಲ್ಲಿ ಒಂದು ಗೀಸರ್‌ಗೆ ಎಂಟು ಜನ, ಅಂದರೆ ಎಂಟು ಬಕೆಟ್‌ಗೆ 160 ನಿಮಿಷ. ಎಲ್ಲರೂ 8:15ಕ್ಕೇ ಬಂದು ನಿಂತರೆ ಕೊನೆಯ ಐದು ಜನಕ್ಕೆ ತಣ್ಣೀರೇ ಗತಿ. ಆಪರೇಷನ್ಸ್ ಪಾಠದಲ್ಲಿ ಬಾಟಲ್‌ನೆಕ್ ಅಂತ ಓದುತ್ತೀರಲ್ಲ, ಎಲ್ಲ ಕೆಲಸವೂ ಸಿಕ್ಕಿಕೊಳ್ಳುವ ಇಕ್ಕಟ್ಟಿನ ಜಾಗ, ನಿಮ್ಮ ಮಹಡಿಯ ಬಾಟಲ್‌ನೆಕ್ ಗೀಸರ್. ನಾವು ಬಾಗಿಲಿಗೆ ಒಂದು ಹಾಳೆ ಅಂಟಿಸಿ ಹೊತ್ತು ಹಂಚಿಕೊಂಡೆವು. ನನ್ನದು ಸಂಜೆ 6:20. ಬೆಳಿಗ್ಗೆ ಮುಖ ಕೈ ಕಾಲು ತೊಳೆದು ಹೊರಡುತ್ತೇನೆ.

ಪರೀಕ್ಷೆಗೆ ಬೆರಳು ತೆರೆದಿರುವ ಉಣ್ಣೆ ಗ್ಲೌಸ್ ಹಾಕಿ. ಸ್ಟೀಲ್ ಫ್ಲಾಸ್ಕ್‌ನಲ್ಲಿ ಬಿಸಿನೀರು ಒಯ್ಯಿರಿ, ಪ್ರಶ್ನೆಪತ್ರಿಕೆ ಕೊಡುವವರೆಗೆ ಅದರ ಮುಚ್ಚಳದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತುಕೊಳ್ಳಿ. ಯಾರೂ ಬೇಡ ಅನ್ನುವುದಿಲ್ಲ.

ಜಯನಗರ 4ನೇ ಬ್ಲಾಕ್ (ಜನವರಿ 5, ಬೆಳಿಗ್ಗೆ 9:32)

ರಾತ್ರಿ ಮೀಟಿಂಗ್ ಬಗ್ಗೆ ಒಂದು ಮಾತು. ನಾನು 2019ರಲ್ಲಿ ಮುಗಿಸಿದೆ, ದೆಹಲಿ ಕಡೆಯ ಕಾಲೇಜು. ಅದನ್ನು ತಪ್ಪಿಸಲು ಹೋಗಬೇಡಿ ಅನ್ನೋದು ನನ್ನ ಸಲಹೆ. ಹಗಲು ಕ್ಲಾಸ್, ಸಂಜೆ ಕ್ಲಬ್, ಕಮಿಟಿ, ಲೈವ್ ಪ್ರಾಜೆಕ್ಟ್ ಕಾಲ್. ಆರೂ ಜನಕ್ಕೆ ಒಟ್ಟಿಗೆ ಬಿಡುವು ಸಿಗುವುದು ರಾತ್ರಿ ಮಾತ್ರ. ನಾನೊಬ್ಬಳು ಬರುವುದಿಲ್ಲ ಅಂದರೆ ಕೊನೆಯಲ್ಲಿ ಗೆಳೆಯರೇ ಅಂಕ ಕೊಡುವಾಗ ಪೆಟ್ಟು ಬೀಳುತ್ತದೆ. ಮುಂದೆ ಕೆಲಸಕ್ಕೆ ಸೇರಿದ ಮೇಲೂ ರಾತ್ರಿ ಎರಡರವರೆಗೆ ಡೆಕ್, ಅಂದರೆ ಸ್ಲೈಡ್‌ಗಳನ್ನು, ತಿದ್ದಬೇಕಾಗುತ್ತದೆ, ಅದು ಅಭ್ಯಾಸ ಆಗಬೇಕು. ನಾನೂ ಒದ್ದಾಡಿದೆ, ಫೆಬ್ರವರಿ ಹೊತ್ತಿಗೆ ಸರಿಯಾಯಿತು. ಕೆಡುಕು ಬಯಸಿ ಹೇಳುತ್ತಿಲ್ಲ, ಗ್ರೂಪ್ ಕೆಡಿಸಿಕೊಳ್ಳಬೇಡಿ ಅಂತ ಅಷ್ಟೇ.

ಬೀದರ್ ಅಕ್ಕ (ಜನವರಿ 5, ಮಧ್ಯಾಹ್ನ 1:15)

ತಂಗಿ, ಅತ್ತಿದ್ದಕ್ಕೆ ನಾಚಿಕೆ ಬೇಡ. ನಾನು 2013ರ ಜನವರಿಯಲ್ಲಿ ಇದೇ ಲಖನೌದಲ್ಲಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಅತ್ತಿದ್ದೇನೆ. ಬೀದರ್ ಹುಡುಗಿ, ಚಳಿ ಕಂಡವಳು ಅಂದುಕೊಂಡು ಬಂದಿದ್ದೆ. ನಮ್ಮಲ್ಲೂ ಬೆಳಿಗ್ಗೆ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆದರೆ ಹತ್ತು ಗಂಟೆಗೆ ಬಿಸಿಲು ಬಂದೇ ಬರುತ್ತದೆ. ಎಳ್ಳ ಅಮಾವಾಸ್ಯೆಗೆ ಇಡೀ ಮನೆ ಹೊಲಕ್ಕೆ ಹೋಗಿ, ಭಜ್ಜಿ (ಕಾಳು, ಸೊಪ್ಪಿನ ಪಲ್ಯ), ಸಜ್ಜಿ ರೊಟ್ಟಿ, ಅಂಬಲಿ, ಎಲ್ಲ ಬಿಸಿಲಲ್ಲೇ ಕೂತು ಉಣ್ಣುವುದು. ಚಳಿಗಾಲ ಅಂದರೆ ನಮಗೆ ಮಧ್ಯಾಹ್ನದ ಹೊತ್ತು.

ಲಖನೌಗೆ ಬಂದ ಮೇಲೆ ನಾನು ಕಳಕೊಂಡಿದ್ದು ಅದನ್ನೇ. ರಾತ್ರಿ ನಾಲ್ಕರವರೆಗೆ ಎದ್ದಿರುವುದು, ಮಧ್ಯಾಹ್ನ ಕ್ಲಾಸ್ ಬಿಟ್ಟ ತಕ್ಷಣ ಕೋಣೆಗೆ ಓಡಿ ರಜಾಯಿ ಒಳಗೆ ನುಗ್ಗುವುದು. ಇಲ್ಲಿ ಡಿಸೆಂಬರ್ ಕೊನೆಗೆ ಹಗಲು ಹತ್ತೂವರೆ ಗಂಟೆಗಿಂತ ಕಡಿಮೆ, ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಗಿಡ್ಡ. ನಡುಮಧ್ಯಾಹ್ನದಲ್ಲೂ ಸೂರ್ಯ 40 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ, ಬೆಂಗಳೂರಿನಲ್ಲಿ 54ರ ಹತ್ತಿರ. ಮಂಜು ತೆಳುವಾಗುವುದು ಹನ್ನೆರಡರ ಮೇಲೆ. ಮೂರೂವರೆಗೆ ಮತ್ತೆ ಬಿಸಿಲು ಬಾಡುತ್ತದೆ. ಬೆಚ್ಚಗಿನ ಹೊತ್ತು ಅಂತ ಸಿಗುವುದು ದಿನಕ್ಕೆ ಮೂರು ಗಂಟೆ. ಆ ಮೂರು ಗಂಟೆಯನ್ನು ನಾವು ನಿದ್ದೆಗೆ ಕೊಟ್ಟು, ಅತಿ ತಣ್ಣಗಿನ ಹೊತ್ತಿನಲ್ಲಿ ಕೂತು ಕೆಲಸ ಮಾಡುತ್ತಿದ್ದೆವು. ಊರಿನವರನ್ನು ನೋಡಿ. ಅಂಗಡಿಯವರು, ಮನೆ ಹೆಂಗಸರು, ಅಜ್ಜಂದಿರು, ಎಲ್ಲರೂ ಮಧ್ಯಾಹ್ನ ಕುರ್ಚಿ ಹೊರಗೆ ಹಾಕಿರುತ್ತಾರೆ, ಬಟಾಣಿ ಬಿಡಿಸುತ್ತಾ, ಶೇಂಗಾ ತಿನ್ನುತ್ತಾ. ಬಿಸಿಲಿಗೆ ಮೈ ಕಾಯಿಸುವುದು ಇಲ್ಲಿ ಸೋಮಾರಿತನ ಅಲ್ಲ, ಅದು ಚಳಿಗಾಲದ ಕೆಲಸ.

ನಮ್ಮ ಗ್ರೂಪ್‌ನಲ್ಲಿ ನಾನು ಮಾಡಿದ್ದು ಇಷ್ಟು. ಒಂದು ವಾರ ಪ್ರತಿ ಮೀಟಿಂಗ್‌ನಲ್ಲಿ ಎಷ್ಟು ಹೊತ್ತು ನಿಜವಾಗಿ ಕೇಸ್ ಬಗ್ಗೆ ಮಾತಾಡಿದೆವು ಅಂತ ಬರೆದಿಟ್ಟೆ. ಎರಡೂವರೆ ಗಂಟೆ ಕೂತರೆ ನಲವತ್ತು ನಿಮಿಷ. ಉಳಿದದ್ದು ಕಾಯುವುದು, ಚಹಾ, ಯಾರದೋ ಫೋನ್. ಅದನ್ನು ಯಾರ ಮೇಲೂ ತಪ್ಪು ಹೊರಿಸದೆ ತೋರಿಸಿ, ಒಂದು ವಾರ ಮಧ್ಯಾಹ್ನ 1:30ಕ್ಕೆ ಹುಲ್ಲಿನ ಮೇಲೆ ಸೇರೋಣ, ಸರಿಬರದಿದ್ದರೆ ಮತ್ತೆ ರಾತ್ರಿಗೆ ಹೋಗೋಣ ಅಂದೆ. ಊಟದ ತಟ್ಟೆ ಹಿಡಿದೇ ಬರುತ್ತಿದ್ದೆವು. ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಪರದೆ ಕಾಣುವುದಿಲ್ಲ. ಹಾಗಾಗಿ ಕೇಸ್‌ನ ಒಂದು ಪ್ರಿಂಟ್, ಒಂದು ಪೆನ್ನು. ಪರದೆ ಇಲ್ಲದ್ದರಿಂದ ಎಲ್ಲರೂ ಓದಿಯೇ ಬರಬೇಕಾಯಿತು. ನಲವತ್ತೈದು ನಿಮಿಷದಲ್ಲಿ ಯಾರು ಏನು ಬರೆಯಬೇಕು ಅಂತ ಹಂಚಿ ಎದ್ದೇಳುತ್ತಿದ್ದೆವು. ರಾತ್ರಿ ಅವರವರ ಕೋಣೆಯಲ್ಲಿ ಅವರವರ ಭಾಗ, ಹನ್ನೊಂದರೊಳಗೆ ಕಳಿಸಬೇಕು.

ಜಯನಗರದವರೇ, ನಿಮ್ಮ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ, ಒಬ್ಬಳೇ ಬಿಟ್ಟು ಬರಬಾರದು. ಇನ್ನೊಂದನ್ನು ಒಪ್ಪುವುದಿಲ್ಲ. ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ರಾತ್ರಿ ಎರಡಕ್ಕೆ ಮಾಡಿದ ಡೆಕ್‌ನಲ್ಲಿ ಬೆಳಿಗ್ಗೆ ಸಿಕ್ಕಷ್ಟು ತಪ್ಪು ನನಗೆ ಬೇರೆಲ್ಲೂ ಸಿಕ್ಕಿಲ್ಲ. ಇಪ್ಪತ್ತಮೂರು ವರ್ಷದ ಹುಡುಗಿಗೆ ನಿದ್ದೆಗೆಡುವುದನ್ನು ಕಲಿಸಬೇಕಾಗಿಲ್ಲ.

ಕುಂದಾಪುರದವಳು (ಜನವರಿ 5, ಸಂಜೆ 6:05)

ಅಕ್ಕ, ನಿಮ್ಮದನ್ನು ಎರಡು ಸಲ ಓದಿದೆ. ನಮಗೆ 1:10ಕ್ಕೆ ಕ್ಲಾಸ್ ಬಿಡುತ್ತದೆ, ಮತ್ತೆ 2:30ಕ್ಕೆ ಶುರು. ಆಗಬಹುದು ಅನ್ನಿಸುತ್ತಿದೆ. ಆದರೆ ಬಿಸಿಲೇ ಬರದ ದಿನ ಏನು ಮಾಡುತ್ತಿದ್ದಿರಿ? ದಾವಣಗೆರೆ ಅಣ್ಣ, ಕಂಬಳಿ ಕೆಳಗೆ ಹಾಸಿದೆ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಬೀದರ್ ಅಕ್ಕ (ಜನವರಿ 5, ರಾತ್ರಿ 8:20)

ಬಿಸಿಲಿಲ್ಲದ ದಿನವೂ ಅದೇ ಹೊತ್ತು, ಮೆಸ್‌ನಲ್ಲಿ ಒಲೆಯ ಕಡೆಯ ಗೋಡೆಯ ಪಕ್ಕದ ಮೇಜು. ಅಡುಗೆಯವರನ್ನು ಕೇಳಿ, ಆ ಗೋಡೆ ಯಾವುದು ಅಂತ ಅವರಿಗೆ ಗೊತ್ತಿರುತ್ತದೆ. ಮಂಜಿನ ಬೆಳಕಾದರೂ ಪರವಾಗಿಲ್ಲ, ಹತ್ತು ನಿಮಿಷ ಹೊರಗೆ ನಡೆದು ಬಾ.

ಹುಬ್ಬಳ್ಳಿ ಕ್ವಾರ್ಟರ್ಸ್ (ಜನವರಿ 6, ಬೆಳಿಗ್ಗೆ 8:48)

ನಾನು ಎಂಬಿಎ ಅಲ್ಲ, ತಮ್ಮ ಅಲ್ಲಿ ಓದುತ್ತಿದ್ದಾನೆ. ಅಪ್ಪ ರೈಲ್ವೆಯಲ್ಲಿದ್ದವರು, ಹಾಗಾಗಿ ಮಂಜಿನ ಬಗ್ಗೆ ನಾಲ್ಕು ಮಾತು, ಇಂಟರ್ವ್ಯೂಗೆ ಓಡಾಡುವವರಿಗೆ ಬೇಕಾಗುತ್ತದೆ.

ಅಲ್ಲಿ ಮಳೆ ಬಿದ್ದು ಮೋಡ ಸರಿದ ಮಾರನೇ ದಿನ ಜಾಸ್ತಿ ಹುಷಾರಾಗಿರಿ. ನೆಲ ಒದ್ದೆ, ಸುತ್ತ ನೀರು ಕಟ್ಟಿದ ಗೋಧಿ ಹೊಲ, ಉದ್ದ ರಾತ್ರಿ, ಗಾಳಿ ಇಲ್ಲ. ಮಂಜು ದಟ್ಟವಾಗಲು ಇಷ್ಟು ಸಾಕು. 200 ಮೀಟರ್‌ಗಿಂತ ಮುಂದೆ ಕಾಣದಿದ್ದರೆ ದಟ್ಟ ಮಂಜು, 50 ಮೀಟರ್‌ಗಿಂತ ಕಡಿಮೆಯಾದರೆ ಅತಿ ದಟ್ಟ. ಹಿಂದೆಲ್ಲ ಹಳಿಯ ಮೇಲೆ ಪಟಾಕಿಯಂಥ ಡಿಟೊನೇಟರ್ ಕಟ್ಟುತ್ತಿದ್ದರು, ಎಂಜಿನ್ ಹಾದಾಗ ಸಿಡಿದರೆ ಸಿಗ್ನಲ್ ಹತ್ತಿರ ಬಂತು ಅಂತ ಡ್ರೈವರ್‌ಗೆ ಗೊತ್ತಾಗುತ್ತಿತ್ತು. ಈಗ ಜಿಪಿಎಸ್ ಇರುವ ಫಾಗ್ ಪಾಸ್ ಅನ್ನೋ ಪೆಟ್ಟಿಗೆ ಕೊಡುತ್ತಾರೆ, ಮುಂದಿನ ಸಿಗ್ನಲ್ ಎಷ್ಟು ದೂರ ಅಂತ ಅದು ಹೇಳುತ್ತದೆ. ಆದರೂ ಗಾಡಿ ನಿಧಾನವಾಗಿಯೇ ಹೋಗಬೇಕು. ಹಾಗಾಗಿ ಎಂಟು ಗಂಟೆ ತಡ ಆದರೆ ಬೈಯಬೇಡಿ, ಆ ಹೊತ್ತಿನಲ್ಲಿ ಎಂಜಿನ್‌ನಲ್ಲಿ ಕೂತವರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರುತ್ತಾರೆ.

ದೆಹಲಿಯಲ್ಲಿ ಇಂಟರ್ವ್ಯೂ ಇದ್ದರೆ ಹಿಂದಿನ ದಿನ ಬೆಳಿಗ್ಗೆಯೇ ಹೊರಡಿ. ರಾತ್ರಿ ಕಾರು ಮಾಡಿಕೊಂಡು ಎಕ್ಸ್‌ಪ್ರೆಸ್‌ವೇ ಹಿಡಿಯಬೇಡಿ, ದಯವಿಟ್ಟು. ಚಳಿಗಾಲದಲ್ಲಿ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿಯನ್ನು 100ರಿಂದ 75ಕ್ಕೆ ಇಳಿಸುವುದು ಸುಮ್ನೆ ಅಲ್ಲ. ಮುಂದಿನ ಲಾರಿ ಕಾಣುವಾಗ ಬ್ರೇಕ್‌ಗೆ ಹೊತ್ತೇ ಇರುವುದಿಲ್ಲ.

ಟೊರೊಂಟೊ ಕನ್ನಡಿಗ (ಜನವರಿ 6, ಬೆಳಿಗ್ಗೆ 10:15)

ಇಲ್ಲಿ ಎಂಬಿಎ ಎರಡನೇ ವರ್ಷ. ಇವತ್ತು ಹೊರಗೆ ಮೈನಸ್ 14. ಮನೆಯಲ್ಲಿ ಎಲ್ಲರೂ ನಿನಗೇ ಕಷ್ಟ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಟೊರೊಂಟೊದಲ್ಲಿ ಚಳಿಗಾಲದಲ್ಲಿ ಬಾಡಿಗೆ ಮನೆಯೊಳಗೆ ಕನಿಷ್ಠ 21 ಡಿಗ್ರಿ ಇರಬೇಕು ಅಂತ ನಗರದ ಕಾನೂನೇ ಇದೆ. ಬಾಗಿಲು ದಾಟಿದರೆ ಕೋಟು ಬಿಚ್ಚಿ ಟೀ-ಶರ್ಟ್‌ನಲ್ಲಿ ಕೂರುತ್ತೇನೆ, ಬೆರಳು ಸಲೀಸಾಗಿ ಓಡುತ್ತದೆ. ಪೇಟೆ ನಡುವೆ ನೆಲದಡಿಯಲ್ಲಿ 30 ಕಿಲೋಮೀಟರ್ ಉದ್ದದ ಪಾತ್ ಅನ್ನೋ ನಡಿಗೆ ದಾರಿ ಇದೆ, ಕಂಪನಿಯವರನ್ನು ಕಾಫಿಗೆ ಭೇಟಿ ಮಾಡಲು ಹೋಗುವಾಗ ಅದರಲ್ಲೇ ಹೋಗುತ್ತೇನೆ. ನಿಮಗೆ ಇಪ್ಪತ್ತನಾಲ್ಕು ಗಂಟೆಯೂ ಅದೇ ಚಳಿ. ದೇಹಕ್ಕೆ ಬಿಡುವೇ ಇಲ್ಲ.

ಆದರೆ ಬೆಳಕಿನ ಕೊರತೆ ಇಬ್ಬರಿಗೂ ಒಂದೇ. ಇಲ್ಲಿ ಡಿಸೆಂಬರ್ ಕೊನೆಗೆ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ನಾಲ್ಕೂಮುಕ್ಕಾಲಿಗೆ ಕತ್ತಲು. ಹೋದ ವರ್ಷ ನಾನು ಮೂರು ವಾರ ಯಾರ ಜೊತೆಗೂ ಮಾತಾಡದೆ ಕೋಣೆ, ಕ್ಲಾಸ್, ಕೋಣೆ ಅಂತ ಇದ್ದುಬಿಟ್ಟೆ. ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದ ಮೇಲೆ ಗೊತ್ತಾಯಿತು, ಇದಕ್ಕೆ ಚಳಿಗಾಲದ ಖಿನ್ನತೆ ಅಂತ ಹೆಸರೇ ಇದೆ, ಡಾಕ್ಟರು ಇದನ್ನು ಗುರುತಿಸುತ್ತಾರೆ, ಚಿಕಿತ್ಸೆ ಇದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಊಟ ಸೇರದಿದ್ದರೆ, ನಿಮ್ಮ ಕಾಲೇಜಿನಲ್ಲೂ ಕೌನ್ಸೆಲರ್ ಇರುತ್ತಾರೆ, ಹೋಗಿ. ನಾನು ತಡ ಮಾಡಿದೆ, ನೀವು ಮಾಡಬೇಡಿ.

ಮೈಸೂರು ಸಿಸ್ಟರ್ (ಜನವರಿ 7, ರಾತ್ರಿ 9:30)

ನಾನು ಏಳು ವರ್ಷ ನರ್ಸ್ ಆಗಿದ್ದೆ, ಈಗ ಆಸ್ಪತ್ರೆ ಆಡಳಿತದಲ್ಲಿ ಎಂಬಿಎ ಮಾಡುತ್ತಿದ್ದೇನೆ, ದೆಹಲಿ ಹತ್ತಿರ. ಮೂರು ವಿಷಯ, ಮೊದಲನೆಯದು ಅತಿ ಮುಖ್ಯ.

ಅಂಗೀಠಿ ಅಂದರೆ ಇದ್ದಿಲು ಒಲೆ. ಹೊರಗೆ ಅದರ ಸುತ್ತ ಕೂತು ಕಾಯಿಸಿಕೊಳ್ಳುವುದು ಸರಿ. ಚಳಿ ಅಂತ ಅದನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿ ಮಲಗಬೇಡಿ, ಒಂದೇ ಒಂದು ರಾತ್ರಿಯೂ ಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಉತ್ತರದಲ್ಲಿ ಪ್ರತಿ ಚಳಿಗಾಲ ಹೀಗೆ ಇಡೀ ಮನೆಯವರೇ ಹೋಗುವುದನ್ನು ಪೇಪರ್‌ನಲ್ಲಿ ಓದುತ್ತೇವೆ. ಹಾಸ್ಟೆಲ್ ಬಿಟ್ಟು ಹೊರಗೆ ಕೋಣೆ ಮಾಡಿರುವವರಿಗೆ ಇದನ್ನು ಹೇಳಿ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಕಿಟಕಿ ತೆರೆದಿರಲಿ, ಅಲ್ಲೂ ಇದೇ ಅಪಾಯ.

ಕಾಲ್ಬೆರಳು ಕೆಂಪಾಗಿ, ಊದಿ, ರಾತ್ರಿ ತುರಿಕೆ ಉರಿ ಬಂದರೆ ಅದು ಚಳಿಹುಣ್ಣಿನ ಶುರು. ದಕ್ಷಿಣದಿಂದ ಬಂದವರು ಅಲರ್ಜಿ ಅಂದುಕೊಳ್ಳುತ್ತಾರೆ. ತಣ್ಣಗಿನ ಕಾಲನ್ನು ಸೀದಾ ಬಿಸಿನೀರಿಗೆ ಹಾಕಬೇಡಿ, ನಿಧಾನಕ್ಕೆ ಬೆಚ್ಚಗೆ ಮಾಡಿ. ಒದ್ದೆ ಸಾಕ್ಸ್ ಬೇಡ. ಚರ್ಮ ಒಡೆದರೆ ಡಾಕ್ಟರಿಗೆ ತೋರಿಸಿ.

ಕಾಣುವುದೆಲ್ಲ ಮಂಜಲ್ಲ, ಹೊಗೆಯೂ ಇದೆ. ಗಾಳಿಯ ಗುಣಮಟ್ಟದ ಸೂಚ್ಯಂಕ 300 ದಾಟಿದರೆ ಅತಿ ಕಳಪೆ ಅಂತ. ಅಂಥ ದಿನ ಬೆಳಿಗ್ಗೆ ಆರಕ್ಕೆ ಓಟ ಬೇಡ. ಹೊರಗೆ ಹೋಗುವಾಗ ಎನ್95 ಮಾಸ್ಕ್ ಹಾಕಿ, ಮೂಗಿಗೆ ಬೆಚ್ಚಗೂ ಆಗುತ್ತದೆ.

ಶಿರಸಿ ಮಳೆ (ಜನವರಿ 8, ಸಂಜೆ 7:12)

ಎಲ್ಲರೂ ಕಷ್ಟ ಬರೆದಿದ್ದೀರಿ, ನಾನು ಖುಷಿಯದ್ದನ್ನು ಬರೆಯುತ್ತೇನೆ. ನಾನು ಲಖನೌದಲ್ಲೇ ಎರಡು ಚಳಿಗಾಲ ಕಳೆದೆ, ಹೋದ ವರ್ಷ ಮುಗಿಯಿತು.

ಉಣ್ಣೆ ಬಟ್ಟೆಗೆ ಮಾಲ್‌ಗೆ ಹೋಗಬೇಡಿ. ಚಳಿಗಾಲದಲ್ಲಿ ಟಿಬೆಟಿಯನ್ನರು ಬಂದು ಸ್ವೆಟರ್ ಅಂಗಡಿ ಸಾಲು ಹಾಕುತ್ತಾರೆ, ಮಾಲು ಲುಧಿಯಾನದ್ದು, ಗಟ್ಟಿ ಬಾಳಿಕೆ. ನಾನು ಅಲ್ಲಿ ನಿಂತು ಅಣ್ಣನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅಂಗಡಿಯ ಅಮ್ಮ ತಲೆ ಎತ್ತಿ, ಯಾವ ಊರಾಯ್ತು ಅಂದರು. ಕನ್ನಡದಲ್ಲಿ! ಅವರು ಮುಂಡಗೋಡಿನ ಟಿಬೆಟಿಯನ್ ಕಾಲೋನಿಯವರು. ನಮ್ಮ ಮನೆಯಿಂದ ಐವತ್ತು ಕಿಲೋಮೀಟರ್ ಚಿಲ್ಲರೆ ದೂರ. ಮಳೆಗಾಲದಲ್ಲಿ ಅಲ್ಲಿ ಮೆಕ್ಕೆಜೋಳ ಬೆಳೆದು, ಚಳಿ ಶುರುವಾಗುವಾಗ ಸ್ವೆಟರ್ ಮಾರಲು ಇಷ್ಟು ದೂರ ಬರುತ್ತಾರಂತೆ. ಕುರ್ಚಿ ಕೊಟ್ಟು ಕೂರಿಸಿದರು. ಆಮೇಲೆ ಪ್ರತಿ ಭಾನುವಾರ ಹೋಗುತ್ತಿದ್ದೆ, ಕೊಳ್ಳಲು ಏನೂ ಇಲ್ಲದಿದ್ದರೂ.

ಒಂದು ಭಾನುವಾರ ಬೆಳಿಗ್ಗೆ ಕಷ್ಟಪಟ್ಟು ಎದ್ದು ಚೌಕ್‌ಗೆ ಹೋಗಿ, ಗೋಲ್ ದರ್ವಾಜಾ ಹತ್ತಿರ ಮಖ್ಖನ್ ಮಲಾಯಿ ತಿನ್ನಿ. ಹಾಲು ಕಾಯಿಸಿ, ರಾತ್ರಿಯಿಡೀ ಇಬ್ಬನಿಗೆ ಬಯಲಲ್ಲಿಟ್ಟು, ಬೆಳಗಿನ ಜಾವ ಕಡೆದು, ಬರೀ ನೊರೆ ಎತ್ತಿ ಕೇಸರಿ, ಪಿಸ್ತಾ ಹಾಕುತ್ತಾರೆ. ಬಾಯಿಗಿಟ್ಟರೆ ಇಲ್ಲ. ಬಿಸಿಲೇರಿದರೆ ನೊರೆ ಕೂರುತ್ತದೆ, ಹಾಗಾಗಿ ಈ ಚಳಿ ಇದ್ದರೆ ಮಾತ್ರ ಅದು ಇರುತ್ತದೆ. ಅಲ್ಲಿ ನಿಂತು ತಿನ್ನುವಾಗ ನನಗೆ ಮೊದಲ ಸಲ ಈ ಊರಿನ ಚಳಿ ಮೇಲೆ ಪ್ರೀತಿ ಬಂತು. ವಾಪಸ್ ಬರುವಾಗ ರೇವಡಿ ಒಂದು ಪೊಟ್ಟಣ ತಗೊಳ್ಳಿ, ಎಳ್ಳು ಬೆಲ್ಲದ್ದು, ಸಂಕ್ರಾಂತಿಗೆ ಆಗುತ್ತದೆ.

ಕುಂದಾಪುರದವಳು (ಜನವರಿ 18, ರಾತ್ರಿ 10:20)

ಹೇಳಿದವರಿಗೆಲ್ಲ ವಿಷಯ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಹೊತ್ತು ನೋಡಿ, ಹತ್ತೂ ಇಪ್ಪತ್ತು, ಇನ್ನು ಅರ್ಧ ಗಂಟೆಯಲ್ಲಿ ಮಲಗುತ್ತೇನೆ.

ಅಕ್ಕ ಹೇಳಿದ ಹಾಗೆ ನಾಲ್ಕು ಮೀಟಿಂಗ್ ಲೆಕ್ಕ ಬರೆದೆ. ನಮ್ಮದು ನಿಮ್ಮದಕ್ಕಿಂತ ಕಡೆ, ಎರಡು ಗಂಟೆ ಐವತ್ತು ನಿಮಿಷಕ್ಕೆ ಮೂವತ್ತೈದು. ತೋರಿಸುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಇಬ್ಬರು ತಕ್ಷಣ ಒಪ್ಪಿದರು, ಅವರಿಗೂ ಸಾಕಾಗಿತ್ತು, ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದರಂತೆ. ಒಬ್ಬನಿಗೆ ಸಿಟ್ಟು ಬಂತು. ಅವನು ಪ್ಲೇಸ್‌ಮೆಂಟ್ ಕಮಿಟಿಯಲ್ಲಿದ್ದಾನೆ, ಸೀನಿಯರ್‌ಗಳ ಫೈನಲ್ಸ್, ಅಂದರೆ ಕಂಪನಿಗಳು ಕೆಲಸಕ್ಕೆ ಆರಿಸುವುದು, ಹತ್ತಿರ ಬಂದಿದೆ, ಮಧ್ಯಾಹ್ನವೆಲ್ಲ ಫೋನಿನಲ್ಲೇ ಇರುತ್ತಾನೆ. ಅವನ ಕಷ್ಟ ನಿಜವೇ. ಕೊನೆಗೆ ವಾರಕ್ಕೆ ಮೂರು ದಿನ ಮಧ್ಯಾಹ್ನ, ಒಂದು ದಿನ ರಾತ್ರಿ 9ಕ್ಕೆ ಅವನಿಗೋಸ್ಕರ ಅಂತ ಒಪ್ಪಿಕೊಂಡೆವು. ಹನ್ನೊಂದರ ಮೇಲೆ ಯಾರೂ ಯಾರನ್ನೂ ಕರೆಯುವಂತಿಲ್ಲ.

ಮೊದಲ ಎರಡು ಸಲ ಬಿಸಿಲಿರಲಿಲ್ಲ, ಮೆಸ್ ಗೋಡೆ ಪಕ್ಕ ಕೂತೆವು. ಹದಿಮೂರನೇ ತಾರೀಕು ಹನ್ನೆರಡೂವರೆಗೆ ಬಿಸಿಲು ಬಂತು. ಕ್ಲಾಸಿನ ಕಿಟಕಿಯಿಂದ ಬೆಂಚಿನ ಮೇಲೆ ಒಂದು ಪಟ್ಟಿ ಬಿತ್ತು, ಪಾಠ ಮಾಡುತ್ತಿದ್ದ ಮೇಡಂ ಮಾತು ನಿಲ್ಲಿಸಿ ಹೊರಗೆ ನೋಡಿದರು, ಐದು ನಿಮಿಷ ಬೇಗ ಬಿಟ್ಟರು. ಇಡೀ ಕ್ಯಾಂಪಸ್ ಹುಲ್ಲಿನ ಮೇಲಿತ್ತು. ನಾನು ಸ್ವೆಟರ್ ಬಿಚ್ಚಿ ಬೆನ್ನು ಬಿಸಿಲಿಗೆ ಕೊಟ್ಟು ಕೂತೆ. ಬೆನ್ನು ಬಿಸಿಯಾಗುವುದು ಅಂದರೆ ಏನು ಅಂತ ಮರೆತೇ ಹೋಗಿತ್ತು.

ಸಂಕ್ರಾಂತಿ ದಿನ ಇಲ್ಲಿ ಹಬ್ಬದ ಹೆಸರೇ ಖಿಚಡಿ. ಮೆಸ್‌ನಲ್ಲಿ ಕಪ್ಪು ಉದ್ದಿನ ಬೇಳೆಯ ಖಿಚಡಿ, ತುಪ್ಪ, ಹಪ್ಪಳ, ಉಪ್ಪಿನಕಾಯಿ. ನಾವು ಐದು ಜನ ಕನ್ನಡದವರು ಸೇರಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಶೇಂಗಾ ಕಲಸಿ ಮಹಡಿಗೆಲ್ಲ ಹಂಚಿದೆವು. ಸಿಟ್ಟಾಗಿದ್ದವನಿಗೂ ಕೊಟ್ಟೆ, ಒಳ್ಳೇ ಮಾತಾಡು ಅಂತ ಅರ್ಥ ಹೇಳಿದೆ. ಅವನು ಎರಡು ಸಲ ಕೇಳಿ ಹಾಕಿಸಿಕೊಂಡ.

ಶುಕ್ರವಾರದ ಕ್ವಿಜ್ ಪೂರ್ತಿ ಬರೆದೆ. ಕ್ಲಾಸಿನಲ್ಲಿ ಕೈ ಎತ್ತುವುದು ಇನ್ನೂ ಜುಲೈನಷ್ಟು ಆಗಿಲ್ಲ, ವಾರಕ್ಕೆ ಮೂರ್ನಾಲ್ಕು ಸಲ. ಅಮ್ಮನಿಗೆ ಫೋನ್ ಮಾಡಿದರೆ ಈಗ ಅವರೇ ಜಾಸ್ತಿ ಮಾತಾಡುತ್ತಾರೆ.

ಜಯನಗರ 4ನೇ ಬ್ಲಾಕ್ (ಜನವರಿ 18, ರಾತ್ರಿ 11:02)

ಓದಿ ಖುಷಿಯಾಯಿತು. ಗ್ರೂಪ್ ಒಡೆಯದೆ ಮಾಡಿದಿರಿ, ನಾನು ಹೆದರಿದ್ದು ಅದಕ್ಕೇ. ನಮ್ಮ ಕಾಲದಲ್ಲಿ ಯಾರಿಗೂ ಲೆಕ್ಕ ಬರೆದು ನೋಡುವ ಯೋಚನೆ ಬರಲಿಲ್ಲ.

ಹಾಸನದ ಆಕಾಂಕ್ಷಿ (ಫೆಬ್ರವರಿ 2, ಬೆಳಿಗ್ಗೆ 11:40)

ಅಕ್ಕ, ನನಗೆ ಇದೇ ತಿಂಗಳು 11ಕ್ಕೆ ಲಖನೌದಲ್ಲಿ ಎಂಬಿಎ ಇಂಟರ್ವ್ಯೂ ಇದೆ. ಉತ್ತರ ಭಾರತಕ್ಕೆ ಇದೇ ಮೊದಲು. ಬೆಳಿಗ್ಗೆ 8ಕ್ಕೆ ವರದಿ ಮಾಡಿಕೊಳ್ಳಬೇಕು. ಕೋಟಿನ ಒಳಗೆ ಸ್ವೆಟರ್ ಹಾಕಿದರೆ ಸರಿ ಕಾಣುತ್ತಾ? ಒಂದು ದಿನ ಮೊದಲು ಬಂದರೆ ಸಾಕಾ?

ಕುಂದಾಪುರದವಳು (ಫೆಬ್ರವರಿ 2, ಮಧ್ಯಾಹ್ನ 1:25)

ಶರ್ಟಿನ ಒಳಗೆ ಥರ್ಮಲ್ ಹಾಕಿ, ಸ್ವೆಟರ್ ಬೇಡ, ಕೋಟು ಬಿಗಿಯಾಗಿ ತೋಳು ಎತ್ತಲು ಆಗುವುದಿಲ್ಲ. ಎರಡು ಜೊತೆ ಸಾಕ್ಸ್ ಹಾಕುವುದಾದರೆ ಶೂ ಈಗಲೇ ಹಾಕಿ ನೋಡಿಕೊಳ್ಳಿ. ರೈಲಿನಲ್ಲಾದರೆ ಎರಡು ದಿನ ಮೊದಲು ಬನ್ನಿ, ವಿಮಾನವಾದರೆ 10ರ ಮಧ್ಯಾಹ್ನ ಇಳಿಯುವುದು ನೋಡಿ, ಬೆಳಗಿನ ವಿಮಾನ ಮಂಜಿಗೆ ತಡವಾಗುತ್ತದೆ. ಫೆಬ್ರವರಿಯಲ್ಲಿ ಹಗಲು ಚೆನ್ನಾಗಿರುತ್ತದೆ, ಬೆಳಿಗ್ಗೆ ಮಾತ್ರ ಚಳಿ. ಕಾಯುವ ಕೋಣೆ ತಣ್ಣಗಿರುತ್ತದೆ, ಫ್ಲಾಸ್ಕ್ ತನ್ನಿ. ಹೆಸರು ಕರೆಯುವವರೆಗೆ ಕೈ ಜೇಬಿನಲ್ಲಿರಲಿ, ಒಳಗೆ ಹೋಗಿ ಬರೆಯಲು ಕೊಟ್ಟರೆ ಬೆರಳು ಓಡಬೇಕಲ್ವಾ.

ಯಾವ ಕಾಲೇಜು ಅಂತ ಇಲ್ಲಿ ಬರೆಯಬೇಡಿ, ಸಂದೇಶ ಕಳಿಸಿ. ನಮ್ಮದೇ ಆದರೆ ಇಂಟರ್ವ್ಯೂ ಮುಗಿಸಿ ಸೀದಾ ಮೆಸ್ ಹಿಂದಿನ ಹುಲ್ಲಿಗೆ ಬನ್ನಿ. ಬುಧವಾರ ನಾವು 1:30ಕ್ಕೆ ಅಲ್ಲೇ ಇರುತ್ತೇವೆ, ಊಟ ಮಾಡಿಕೊಂಡು ಹೋಗಬಹುದು.